ಸನ್ಮಾನ ಪತ್ರದ ಮೂರನೆಯ ಸಾಲು

ಆಂಧ್ರದ ಹಿಂದೂಪುರದ ಶರಣಬಸವನ ಮನೆಗೆ ಸೊಸೆ ಬಂದು ಮೂರು ವಾರವಾಗಿತ್ತು. ಹೆಸರು ಚಂದ್ರಕಲಾ. ಶಿರಾ ಕಡೆಯ ಹುಡುಗಿ, ಕನ್ನಡದಲ್ಲಿ ಎಂ.ಎ. ಮಾಡಿಕೊಂಡವಳು. ಒಂದು ಬೆಳಿಗ್ಗೆ ನಡುಮನೆಯ ಗೋಡೆಯ ಫೋಟೋಗಳ ಧೂಳು ಒರೆಸುತ್ತಿದ್ದವಳು, ಗಾಜು ಹಾಕಿಸಿದ್ದ ಸನ್ಮಾನ ಪತ್ರದ ಮುಂದೆ ನಿಂತುಬಿಟ್ಟಳು.

ಹುಣಸೆಹಣ್ಣಿನ ಮಂಡಿಗೆ ಹೊರಡಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಶರಣಬಸವ ಅದನ್ನು ಗಮನಿಸಿದ. ಅವನಿಗೆ ಸಂತೋಷವೇ ಆಯಿತು. ಬಂದವರ ಕಣ್ಣಿಗೆ ಬೀಳಲಿ ಎಂದೇ ಅದನ್ನು ಬಾಗಿಲಿಗೆ ಎದುರಾಗಿ ಹಾಕಿಸಿದ್ದ.

"ಓದಮ್ಮ, ಓದು. ಆರು ವರ್ಷದ ಹಿಂದೆ ರಾಜ್ಯೋತ್ಸವದಾಗೆ ಕೊಟ್ಟಿದ್ದು. ನಮ್ ದೊಡ್ಡಬಸಪ್ಪ ಮೇಷ್ಟ್ರು ಬರ್ದಿದ್ದು, ಕಲ್ಯಾಣದುರ್ಗದೋನು. ನಂಜೊತೆ ಓದಿದೋನು. ಅಂಥ ಕನ್ನಡ ಬರಿಯೋರು ಈ ಕಡೆ ಇನ್ನೊಬ್ರಿಲ್ಲ."

"ಓದ್ದೆ ಮಾವ."

"ಹೆಂಗೈತೆ?"

ಚಂದ್ರಕಲಾ ಧೂಳೊರೆಸುವ ಬಟ್ಟೆಯನ್ನು ಮಡಚಿದಳು. ಹೊಸದಾಗಿ ಬಂದ ಮನೆ, ಹೇಳಬಹುದೋ ಬಾರದೋ ಎಂದು ಅಳೆಯುತ್ತಿದ್ದಂತಿತ್ತು. ಕೊನೆಗೆ, "ಮಾವ, ಇದನ್ನ ಬರೆದೋರಿಗೂ ನಿಮಗೂ ಏನಾದ್ರೂ ಮನಸ್ತಾಪ ಇತ್ತಾ?" ಎಂದು ಕೇಳಿದಳು.

"ಯಾಕಮ್ಮ?"

ಅವಳು ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. 'ತಮ್ಮ ವಾಗಾಡಂಬರದಿಂದ ಗಡಿನಾಡಿನ ಸಭೆಗಳನ್ನೆಲ್ಲ ತುಂಬಿದ ಶ್ರೀ ಶರಣಬಸವ ಅವರು' ಎಂದಿತ್ತು ಅಲ್ಲಿ.

"ವಾಗಾಡಂಬರ ಅನ್ನೋದು ಹೊಗಳಿಕೆ ಅಲ್ಲ ಮಾವ. ವಾಕ್ ಅಂದ್ರೆ ಮಾತು, ಆಡಂಬರ ಅಂದ್ರೆ ತೋರಿಕೆ. ಒಳಗೆ ಏನೂ ಇಲ್ದೆ ಸದ್ದೇ ಜಾಸ್ತಿ ಇರೋ ಮಾತಿಗೆ ಹಂಗಂತಾರೆ. ಹೊಗಳೋದಾದ್ರೆ ವಾಗ್ವೈಖರಿ ಅಂತಾರೆ, ವಾಕ್ಚಾತುರ್ಯ ಅಂತಾರೆ."

ಶರಣಬಸವ ನಕ್ಕುಬಿಟ್ಟ. "ನಿಮ್ಮ ಕಡೆ ಹಂಗಿರ್ಬೋದು ಕಣಮ್ಮ. ಆಡಂಬರ ಅಂದ್ರೆ ಕೆಟ್ಟದ್ದಾ? ಮದ್ವೆ ಆಡಂಬರವಾಗಿ ಮಾಡಿದ್ರು ಅಂದ್ರೆ ನಮ್ಮಲ್ಲಿ ಖುಷಿ ಪಡ್ತಾರೆ. ತೆಲುಗರೂ ಅಷ್ಟೇ."

"ಮದುವೆಗೆ ಹಂಗಂದ್ರೆ ಪರವಾಗಿಲ್ಲ ಮಾವ. ಮಾತಿಗೆ ಅಂದ್ರೆ ಬೈದಂಗೆ," ಅಂದಳು ಅವಳು. ಹೆಚ್ಚಾಯಿತೇನೋ ಅನ್ನಿಸಿ, "ಅವರೂ ನಿಮ್ಮ ಹಂಗೇ ಅಂದ್ಕೊಂಡು ಬರ್ದಿರಬಹುದು" ಎಂದು ಸೇರಿಸಿ ಅಡುಗೆಮನೆಗೆ ಹೋದಳು.

ಆ ಕೊನೆಯ ಮಾತೇ ಶರಣಬಸವನನ್ನು ಕೆಡಿಸಿತು. ದೊಡ್ಡಬಸಪ್ಪ ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದವರು. ತಾನಾದರೆ ನಾಲ್ಕನೇ ತರಗತಿಯವರೆಗೆ ಕನ್ನಡ, ಅಲ್ಲಿಂದಾಚೆಗೆ ತೆಲುಗು ಓದಿದವನು. ತನಗೆ ದೊಡ್ಡ ಪದಗಳು ಕಿವಿಯಿಂದ ಬಂದವು. ಸಭೆಗಳಲ್ಲಿ ಯಾರೋ ಅಂದದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಭೆಯಲ್ಲಿ ತಾನು ಅನ್ನುತ್ತಿದ್ದ. ಮೇಷ್ಟ್ರು ಹಾಗಲ್ಲ. ಒಂದು ಒತ್ತಕ್ಷರ ತಪ್ಪಿದರೆ ಮದುವೆ ಪತ್ರಿಕೆಯನ್ನೇ ವಾಪಸ್ಸು ಕಳಿಸುವ ಮನುಷ್ಯ. ಅವರಿಗೆ ಈ ಪದ ಗೊತ್ತಿಲ್ಲದೆ ಇರಲು ಸಾಧ್ಯವೇ?

ಅವನು ಕನ್ನಡಕ ಹಾಕಿಕೊಂಡು ಪತ್ರವನ್ನು ಮೊದಲಿಂದ ಓದಿದ. ಆರು ವರ್ಷದಲ್ಲಿ ಹೀಗೆ ನಿಧಾನವಾಗಿ ಓದಿದ್ದು ಅದೇ ಮೊದಲು. 'ಇವರು ಕೊಟ್ಟ ಮಾತಿನಷ್ಟೇ ದೊಡ್ಡವರು' ಎಂದಿತ್ತು ಒಂದು ಕಡೆ. ಇಷ್ಟು ದಿನ ಅದು ಎದೆಯುಬ್ಬಿಸುವ ಸಾಲಾಗಿತ್ತು. ಈಗ ಕೊಂಕಿನಂತೆ ಕೇಳಿಸಿತು. 'ಇವರ ಅಂಗೈಯ ಅಳತೆ ಬಲ್ಲವರು ಯಾರು' ಎಂದಿತ್ತು ಇನ್ನೊಂದು ಕಡೆ. ಅಂಗೈ ಎಂಬ ಮಾತು ಕಂಡ ಕೂಡಲೇ ಅವನು ಓದು ನಿಲ್ಲಿಸಿದ. ಯಾಕೆಂದು ಅವನಿಗೆ ಗೊತ್ತಿತ್ತು. ಕನ್ನಡಕ ತೆಗೆದುಬಿಟ್ಟ.

ಮಂಡಿಯಲ್ಲಿ ಅವತ್ತು ಅವನಿಗೆ ಕೆಲಸ ಹಿಡಿಸಲಿಲ್ಲ. ಪಕ್ಕದ ಮಂಡಿಯ ಸೀತಾರಾಮಪ್ಪ ಚಹಾ ಕುಡಿಯಲು ಕರೆದ. ಈ ಸೀತಾರಾಮಪ್ಪ ಯುಗಾದಿಗೂ ದೀಪಾವಳಿಗೂ ಮನೆಗೆ ಬಂದಾಗಲೆಲ್ಲ ಆ ಪತ್ರದ ಮುಂದೆ ನಿಂತು, ಗಟ್ಟಿಯಾಗಿ ಓದಿ, ತಲೆದೂಗಿ ಹೋಗುತ್ತಿದ್ದವನು. ಯಾಕೆ ಅಷ್ಟು ಸಲ ಓದುತ್ತಿದ್ದ? ಮೂರನೆಯ ಸಾಲು ಬಂದಾಗ ಅವನ ಮೀಸೆ ಅಲುಗುತ್ತಿತ್ತಲ್ಲವೇ? ಶರಣಬಸವ ಚಹಾ ಬೇಡವೆಂದ. ಸೀತಾರಾಮಪ್ಪ "ಏಮೈಂದಯ್ಯಾ, ಏನಾಯ್ತು ಈವತ್ತು, ಮಾತೇ ಇಲ್ಲ" ಅಂದದ್ದೂ ಅವನಿಗೆ ಚುಚ್ಚಿದಂತಾಯಿತು.

ಮಧ್ಯಾಹ್ನ ಅವನು ಜಯಚಂದ್ರನ ಪ್ರೆಸ್ಸಿಗೆ ಹೋದ. ಆ ಪತ್ರ ಅಚ್ಚಾಗಿದ್ದು ಅಲ್ಲಿ. ಸನ್ಮಾನದ ಸಮಿತಿಗೂ ಜಯಚಂದ್ರನೇ ಕಾರ್ಯದರ್ಶಿಯಾಗಿದ್ದ. ಬಹುಶಃ ಅವನೇ ಅಕ್ಷರ ಹೊಂದಿಸುವಾಗ ಪದ ಬದಲಿಸಿರಬೇಕು, ಮೇಷ್ಟ್ರ ತಪ್ಪಿರಲಾರದು ಎಂಬ ಆಸೆ ಶರಣಬಸವನಿಗೆ. ಹಾಗಾದರೆ ಜಯಚಂದ್ರನ ಜೊತೆ ಜಗಳವಾಡಿ ಮುಗಿಸಬಹುದು.

"ಅಣ್ಣಾ, ನಾನು ಕನ್ನಡದಾಗೆ ಒಂದಕ್ಷರ ಮುಟ್ಟೋನಲ್ಲ," ಅಂದ ಜಯಚಂದ್ರ. "ಅವ್ರು ಕೊಟ್ಟಿದ್ದು ಕೊಟ್ಟಂಗೆ ಹೊಡೀತೀನಿ. ಸಮಿತಿ ಕೇಳಿದ್ದಕ್ಕೆ ಮೇಷ್ಟ್ರು ಕೈಯಾಗೆ ಬರ್ದು ಫೋಟೋ ಕಳ್ಸಿದ್ರು. ಕಂಪ್ಯೂಟರಾಗೆ ಐತೇನೋ ನೋಡಾನ ಇರಿ."

ಹಳೆಯ ಫೈಲುಗಳನ್ನು ತೆರೆದು ಮುಚ್ಚಿ ಹದಿನೈದು ನಿಮಿಷ ಹುಡುಕಿದ ಮೇಲೆ ಆ ಫೋಟೋ ಸಿಕ್ಕಿತು. ಗೆರೆ ಹಾಕಿದ ಹಾಳೆ, ಮೇಷ್ಟ್ರ ಗುಂಡಗಿನ ಅಕ್ಷರ. ಮೂರನೆಯ ಸಾಲಿನಲ್ಲಿ ಮೊದಲು 'ವಾಗ್ವೈಖರಿಯಿಂದ' ಎಂದು ಬರೆದಿತ್ತು. ಅದರ ಮೇಲೆ ಒಂದು ಗೆರೆ ಎಳೆದು, ಮೇಲ್ಗಡೆ ಸ್ಪಷ್ಟವಾಗಿ 'ವಾಗಾಡಂಬರದಿಂದ' ಎಂದು ಬರೆದಿದ್ದರು.

ಶರಣಬಸವ ತೆರೆಗೆ ಮುಖ ತಾಕುವಷ್ಟು ಬಾಗಿ ನೋಡಿದ. ಹೊಡೆದುಹಾಕಿದ ಗೆರೆ ನೇರವಾಗಿತ್ತು.

"ನಿಂಗೆ ಇದರ ಅರ್ಥ ಗೊತ್ತಿತ್ತೇನಯ್ಯಾ?" ಎಂದು ಕೇಳಿದ.

"ನಂಗೆಲ್ಲಣ್ಣಾ ಗೊತ್ತಾಗ್ತೈತೆ? ಪೆದ್ದ ಮಾಟ, ದೊಡ್ಡ ಮಾತು, ನಿಮಗೆ ಸರಿಹೋಗ್ತೈತೆ ಅಂದ್ಕೊಂಡೆ," ಅಂದ ಜಯಚಂದ್ರ. ಆ ಮಾತಿನ ಅರ್ಥವೇನೆಂದು ಶರಣಬಸವ ದಾರಿಯುದ್ದಕ್ಕೂ ಯೋಚಿಸಿದ.

ಮನೆಯಲ್ಲಿ ಹೆಂಡತಿ ಸರ್ವಮಂಗಳಮ್ಮ ಅನ್ನ ಬಡಿಸುತ್ತ ಅವನ ಮುಖ ನೋಡಿದಳು. ಸೊಸೆ ಅವಳಿಗೆ ಹೇಳಿದ್ದಳು.

"ಒಂದ್ ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ," ಅಂದಳು. "ಸನ್ಮಾನದ ದಿನ ಮೇಷ್ಟ್ರು ಯಾಕ್ ಬರ್ಲಿಲ್ಲ? ತಿಂಗಳಿಗೊಂದು ಸಲ ಬತ್ತಿದ್ರು. ಆ ವರ್ಷದ ಮಳೆಗಾಲದಿಂದ ಈಚೆಗೆ ಈ ಮನೆ ಹೊಸ್ತಿಲು ತುಳಿದಿಲ್ಲ. ನೀವೂ ಕಲ್ಯಾಣದುರ್ಗದ ಕಡೆ ತಲೆ ಹಾಕಿಲ್ಲ. ಅಲ್ಲೇನ್ ಮಾಡಿ ಬಂದ್ರಿ?"

"ಏನೂ ಇಲ್ಲ ಕಣೇ. ವಯಸ್ಸಾಯ್ತು. ಓಡಾಟ ಕಮ್ಮಿಯಾಯ್ತು."

"ಚಿಲಮತ್ತೂರಿಗೆ ಹೋಯ್ತೀರಿ, ಗೋರಂಟ್ಲಕ್ಕೆ ಹೋಯ್ತೀರಿ. ಕಲ್ಯಾಣದುರ್ಗಕ್ಕೆ ಮಾತ್ರ ವಯಸ್ಸಾಯ್ತಾ?"

ಅವನು ಎದ್ದು ಕೈ ತೊಳೆದ. ಮಾರನೆಯ ದಿನ ಬೆಳಿಗ್ಗೆ ಆರಕ್ಕೆಲ್ಲ ಬಸ್ಸು ಹತ್ತಿದ.

ಪಾವಗಡದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಅಲ್ಲಿಂದ ಕಂಬದೂರಿನ ಮೇಲೆ ಕಲ್ಯಾಣದುರ್ಗ. ಕಿಟಕಿಯ ಪಕ್ಕ ಕೂತ ಶರಣಬಸವ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಐವತ್ತು ವರ್ಷದ ಸ್ನೇಹಕ್ಕೆ ನೀನು ಬಗೆದ ದ್ರೋಹ, ಎಂದು ಶುರುಮಾಡಬೇಕು. ಮಿತ್ರದ್ರೋಹ ಅನ್ನಬೇಕೋ ವಿಶ್ವಾಸಘಾತ ಅನ್ನಬೇಕೋ? ಎರಡೂ ಚೆನ್ನಾಗಿದ್ದವು. ಆದರೆ ಯಾವುದಾದರೂ ಒಂದು ಪದಕ್ಕೆ ತನಗೆ ಗೊತ್ತಿಲ್ಲದ ಇನ್ನೊಂದು ಅರ್ಥವಿದ್ದರೆ ಎಂಬ ಅನುಮಾನ ಬಂತು. ಕಂಬದೂರು ಬರುವ ಹೊತ್ತಿಗೆ ಅವನ ಹತ್ತಿರ ಒಂದು ಪದವೂ ಉಳಿದಿರಲಿಲ್ಲ.

ಮೇಷ್ಟ್ರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಂಡಿನೋವಿನಿಂದ ಎರಡೂ ಕಾಲಿಗೆ ಬಟ್ಟೆ ಸುತ್ತಿದ್ದರು. ಗೇಟಿನಲ್ಲಿ ಶರಣಬಸವನನ್ನು ಕಂಡು ಏಳಲು ಹೋದವರು ಹಾಗೇ ಕೂತರು.

"ಬಂದ್ಯಾ," ಅಂದರು. "ಆರು ವರ್ಷ ಬೇಕಾಯ್ತಾ ಓದೋಕೆ?"

ಶರಣಬಸವ ಮೆಟ್ಟಿಲ ಹತ್ತಿರವೇ ನಿಂತ. "ಗೊತ್ತಿದ್ದೇ ಬರ್ದೆ ಅನ್ನು."

"ಗೊತ್ತಿಲ್ದೆ ನಾನು ಯಾವತ್ತು ಬರ್ದೀನಿ?"

"ಸಾವಿರ ಜನರ ಮುಂದೆ ಓದಿಸ್ಬುಟ್ಟಲ್ಲೋ ದೊಡ್ಡಾ."

"ಸಾವಿರ ಜನದಾಗೆ ಒಬ್ರಿಗೂ ತಿಳಿಲಿಲ್ಲ. ಅದೇ ಬ್ಯಾಸ್ರ ನಂಗೆ," ಅಂದರು ಮೇಷ್ಟ್ರು. "ನಾನು ಅದನ್ನ ಬರ್ದಿದ್ದು ನಿಂಗೆ. ಮಾರನೇ ದಿನವೇ ಬಂದು ಕುತ್ತಿಗೆಪಟ್ಟಿ ಹಿಡ್ಕೋತೀಯ ಅಂದ್ಕೊಂಡಿದ್ದೆ. ಬಂದಿದ್ರೆ ಕೇಳೋದಿತ್ತು. ನೀನು ಬರ್ಲಿಲ್ಲ. ಗಾಜು ಹಾಕ್ಸಿ ಗೋಡೆಗೆ ನೇತಾಕವ್ನೆ ಅಂತ ಯಾರೋ ಅಂದ್ರು. ಆಗ ನಂಗೇ ಅನುಮಾನ ಬಂತು. ಇವನಿಗೆ ಅರ್ಥ ಆಗೈತೆ, ಆದ್ರೂ ನೇತಾಕವ್ನೆ ಅಂದ್ರೆ ಒಳಗೆ ಏನೋ ಐತೆ, ಕೋರ್ಟಿಗೆ ಹೋಗಾಕೆ ಸಾಕ್ಷಿ ಮಡೀಕಂಡವ್ನೆ ಅಂದ್ಕೊಂಡೆ. ಒಂದು ವರ್ಷ ಪೋಸ್ಟ್‌ಮ್ಯಾನ್ ಬಂದಾಗೆಲ್ಲ ನೋಟೀಸ್ ಬಂತೇನೋ ಅಂತ ನೋಡ್ತಿದ್ದೆ."

ಶರಣಬಸವನಿಗೆ ನಗು ಬರಬೇಕಾದ ಮಾತು ಅದು. ಬರಲಿಲ್ಲ. ಅವನು ಜಗಲಿಯ ತುದಿಯಲ್ಲಿ ಕೂತ.

"ಏನು ಕೇಳೋದಿತ್ತು?" ಅಂದ.

ಮೇಷ್ಟ್ರು ಅವನನ್ನು ನೇರವಾಗಿ ನೋಡಿದರು. "ಜೂನ್ ತಿಂಗಳ ಸೋಮವಾರ ಯಾಕ್ ಬರ್ಲಿಲ್ಲ?"

ಸನ್ಮಾನದ ವರ್ಷದ ಆ ಜೂನ್ ತಿಂಗಳಲ್ಲಿ ನಡೆದದ್ದು ಇಷ್ಟು. ಕಂಬದೂರಿನ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಮೇಷ್ಟ್ರು ಕೊನೆಯ ಹದಿನಾಲ್ಕು ವರ್ಷ ಪಾಠ ಹೇಳಿದ್ದರು. ಮಕ್ಕಳು ಹನ್ನೊಂದಕ್ಕೆ ಇಳಿದಿದ್ದರು. ಅಷ್ಟು ಕಡಿಮೆಯಾದರೆ ಆ ಶಾಲೆಯನ್ನು ತೆಲುಗು ಶಾಲೆಯೊಳಗೆ ಸೇರಿಸಬೇಕೆಂಬ ಮಾತು ಬಂತು. ಊರವರು ಒಂದು ಸಭೆ ಸೇರಿಸಿ ಶರಣಬಸವನನ್ನು ಕರೆದಿದ್ದರು. ಅವನು ಮೈಕು ಹಿಡಿದು ಮುಕ್ಕಾಲು ಗಂಟೆ ಮಾತಾಡಿದ. ಅನಂತಪುರದ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ತನ್ನ ಅಂಗೈಯಲ್ಲಿದ್ದಾರೆ, ಸೋಮವಾರ ತಾನೇ ಗಾಡಿ ತರುತ್ತೇನೆ, ಎಲ್ಲರನ್ನೂ ಕರೆದುಕೊಂಡು ಹೋಗಿ ಆರ್ಡರ್ ಮಾಡಿಸಿಕೊಂಡೇ ಬರುತ್ತೇನೆ, ತನ್ನ ಉಸಿರಿರುವವರೆಗೆ ಈ ಶಾಲೆಯ ಬಾಗಿಲು ಮುಚ್ಚುವುದಿಲ್ಲ ಎಂದ. ಹೆಂಗಸರು ಕಣ್ಣೊರೆಸಿಕೊಂಡರು. ಸೋಮವಾರ ಹನ್ನೊಂದು ಮಕ್ಕಳ ಮನೆಯವರು ಕೂಲಿ ಬಿಟ್ಟು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿಗೆ ಬಂದು ಹನ್ನೆರಡು ಗಂಟೆಯವರೆಗೆ ಕಾದರು. ಗಾಡಿ ಬರಲಿಲ್ಲ. ಫೋನು ಆಫಾಗಿತ್ತು. ಬಸ್ಸಿನಲ್ಲೇ ಹೋದರು. ತಲುಪುವಷ್ಟರಲ್ಲಿ ಹೊತ್ತಾಗಿತ್ತು, ಯಾರೂ ಸಿಗಲಿಲ್ಲ. ಮುಂದಿನ ತಿಂಗಳು ಶಾಲೆ ಮುಚ್ಚಿತು.

"ಯಾರೋ ನಿಂಗೆ ಬರಬೇಡ ಅಂದ್ರು ಅಂದ್ಕೊಂಡೆ," ಅಂದರು ಮೇಷ್ಟ್ರು. "ಸಾಹೇಬರೇ ಬೇಡ ಅಂದ್ರೇನೋ, ಲೀಡರ್‌ಗಳು ಅಂದ್ರೇನೋ. ನೀನು ಒಳಗಿಂದೊಳಗೆ ಅವ್ರ ಜೊತೆ ಮಾತಾಡ್ಕಂಡು ನಮ್ಮನ್ನ ಬಸ್‌ಸ್ಟ್ಯಾಂಡಾಗೆ ನಿಲ್ಲಿಸ್ದೆ ಅಂತ. ಅದಕ್ಕೇ ಕೇಳ್ತಿರೋದು. ಯಾರು ಬೇಡ ಅಂದ್ರು?"

ಶರಣಬಸವನಿಗೆ ಸುಳ್ಳು ಹೇಳಲು ದಾರಿ ತೆರೆದೇ ಇತ್ತು. ಯಾವನೋ ಒಬ್ಬ ಲೀಡರ್ ಹೆದರಿಸಿದ ಎಂದರೆ ಮೇಷ್ಟ್ರು ನಂಬುತ್ತಿದ್ದರು. ಆರು ವರ್ಷದಿಂದ ನಂಬಲು ಸಿದ್ಧರಾಗಿಯೇ ಕೂತಿದ್ದರು.

"ಯಾರೂ ಅನ್ಲಿಲ್ಲ," ಅಂದ ಕೊನೆಗೆ. "ನಂಗೆ ಆ ಸಾಹೇಬರ ಪರಿಚಯವೇ ಇರ್ಲಿಲ್ಲ ಕಣೋ. ಒಂದ್ ಸಲ ಒಂದು ಫಂಕ್ಷನ್ನಾಗೆ ಹಾರ ಹಾಕಿದ್ದೆ. ಅಷ್ಟೇ. ಮೈಕ್ ಹಿಡ್ಕಂಡಾಗ ಬಾಯಿಗೆ ಬಂತು, ಅಂದ್ಬುಟ್ಟೆ. ಭಾನುವಾರ ಅವ್ರ ಮನೆ ಹತ್ರ ಹೋಗಿದ್ದೆ. ಗೇಟ್ ಕಾಯೋನು ಎವರು ಮೀರು, ಯಾರು ನೀವು ಅಂದ. ಒಳಕ್ಕೇ ಬಿಡ್ಲಿಲ್ಲ. ಸೋಮವಾರ ನಿಮ್ಮನ್ನೆಲ್ಲ ಕರ್ಕೊಂಡೋದ್ರೆ ಅಲ್ಲಿ ಏನಾಗ್ತಿತ್ತು? ಫೋನ್ ಆಫ್ ಮಾಡಿ ಮನೇಲಿ ಜ್ವರ ಅಂತ ಮಲಗ್ದೆ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಅವರ ಮುಖದ ಮೇಲೆ ಕೋಪ ಹುಡುಕಿದ ಶರಣಬಸವನಿಗೆ ಅದು ಕಾಣಲಿಲ್ಲ. ಬೆಪ್ಪಾದವರಂತೆ ಇದ್ದರು.

"ಅಷ್ಟೇನಾ," ಅಂದರು. "ನಾನು ಎಷ್ಟೆಲ್ಲ ಅಂದ್ಕೊಂಡಿದ್ದೆ. ಹಂಗಾದ್ರೆ ಸಿಟ್ಟಿನಾಗೆ ಬರ್ದಿದ್ರೂ ಆ ಪದ ಸರಿಯಾಗೇ ಬಿದ್ದೈತೆ."

ಮೇಷ್ಟ್ರ ಸೊಸೆ ಮಜ್ಜಿಗೆ ತಂದಿಟ್ಟು ಹೋದಳು.

"ನಂಗೆ ಹೇಳಿದ್ದು ಸರಿ," ಅಂದರು ಮೇಷ್ಟ್ರು ಲೋಟ ಕೆಳಗಿಟ್ಟು. "ಬಸ್‌ಸ್ಟ್ಯಾಂಡಾಗೆ ನಿಂತಿದ್ದೋರು ನಾನೊಬ್ನೇ ಅಲ್ಲ. ಆಟೋ ಕರೆಸ್ತೀನಿ. ಪೆದ್ದಕ್ಕನ ಮನೆಗೆ ಹೋಗಾನ."

ಪೆದ್ದಕ್ಕನ ಮೊಮ್ಮಗಳು ಮೌನಿಕಾ ಆಗ ಆ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಳು. ಈಗ ಹತ್ತನೇ ತರಗತಿ ಮುಗಿಸಿದ್ದಳು. ಆಟೋ ಹಳ್ಳಿ ತಲುಪಿದಾಗ ಪೆದ್ದಕ್ಕ ಮನೆ ಮುಂದೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಮೇಷ್ಟ್ರಿಗೆ ಕೈ ಮುಗಿದಳು. ಶರಣಬಸವನನ್ನು ಗುರುತು ಹಿಡಿದಳು, ಆದರೆ ಕೈ ಮುಗಿಯಲಿಲ್ಲ.

ಶರಣಬಸವ ನಿಂತೇ ಹೇಳಿದ. ಸಾಹೇಬರ ಪರಿಚಯ ಇರಲಿಲ್ಲ ಎಂದ, ಹೆದರಿ ಮನೆಯಲ್ಲಿದ್ದೆ ಎಂದ, ತಪ್ಪಾಯಿತು ಎಂದ. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ.

ಪೆದ್ದಕ್ಕ ಸೊಪ್ಪಿನ ಕಟ್ಟು ಬಿಗಿದು ಮುಗಿಸಿದಳು. "ಈಗ್ಯಾಕ್ ಬಂದ್ರಿ?" ಅಂದಳು.

"ಹೇಳೋಕೆ ಬಂದೆ ಕಣಮ್ಮ."

"ಎಲೆಕ್ಷನ್ ಏನಾದ್ರೂ ನಿಂತ್ಕೋತೀರಾ?"

"ಇಲ್ಲ."

"ನಮ್ ಹೊಲದ ಪಕ್ಕ ರೋಡು ಬತ್ತೈತಂತೆ. ಅದಕ್ಕೆ ಏನಾದ್ರೂ ಸಂತಕ ಬೇಕಾ?" ಸಹಿಗೆ ಅವಳು ಸಂತಕ ಅನ್ನುತ್ತಿದ್ದಳು.

"ಏನೂ ಬೇಡಮ್ಮ."

ಅವಳು ಮೇಷ್ಟ್ರ ಕಡೆ ತಿರುಗಿ, ಇವನು ನಿಜ ಹೇಳುತ್ತಿದ್ದಾನೆಯೇ ಎಂಬಂತೆ ನೋಡಿದಳು. ಮೇಷ್ಟ್ರು ಏನೂ ಹೇಳಲಿಲ್ಲ. ಶರಣಬಸವನಿಗೆ ತನ್ನ ಹಳೆಯ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಆಣೆ ಮಾಡಬಹುದಿತ್ತು, ಎದೆ ಮುಟ್ಟಿಕೊಳ್ಳಬಹುದಿತ್ತು. ಅವನು ಬಾಯಿ ತೆರೆದು, ಮುಚ್ಚಿದ. ಆ ಮುದುಕಿ ಅನುಮಾನ ಪಡುತ್ತಿರುವುದು ಆ ಮಾತುಗಳನ್ನೇ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮೌನಿಕಾ ಹೊರಗೆ ಬಂದಳು. "ಸಾರ್, ತುಮಕೂರು ಕಾಲೇಜಿಗೆ ಅರ್ಜಿ ಹಾಕ್ತಿದ್ದೀನಿ," ಅಂದಳು ಮೇಷ್ಟ್ರಿಗೆ. "ನಾಲ್ಕನೇ ಕ್ಲಾಸ್ ತನಕ ಕನ್ನಡದಲ್ಲಿ ಓದಿದ್ದಕ್ಕೆ ಸರ್ಟಿಫಿಕೇಟ್ ಕೇಳ್ತಾರೆ. ನಮ್ ಶಾಲೆ ರಿಜಿಸ್ಟರ್ ಕಲ್ಯಾಣದುರ್ಗದ ಶಿಕ್ಷಣ ಕಚೇರೀಲಿ ಎಲ್ಲೈತೋ ಹುಡುಕ್ಬೇಕಂತೆ. ಯಾರಾದ್ರೂ ದೊಡ್ಡೋರು ಜೊತೆಗೆ ಬಂದ್ರೆ ಆಗ್ತಿತ್ತು. ನಿಮ್ ಕಾಲು ಹಿಂಗೈತೆ, ಕೇಳೋಕೆ ಮನಸ್ಸು ಬರ್ಲಿಲ್ಲ."

"ನಾನು ಬತ್ತೀನಿ," ಅಂದ ಶರಣಬಸವ.

ಪೆದ್ದಕ್ಕ ತಲೆ ಎತ್ತಿದಳು. "ಅಲ್ಲಿ ಯಾರು ಗೊತ್ತು ನಿಮಗೆ?"

"ಯಾರೂ ಗೊತ್ತಿಲ್ಲ. ಜೊತೆಗೆ ನಿಂತ್ಕೋತೀನಿ."

ಅವಳು ಕೈಗೆ ಅಂಟಿದ ಸೊಪ್ಪು ಕೊಡವಿಕೊಂಡಳು. ಆಮೇಲೆ, "ಗುರುವಾರ ಹತ್ತು ಗಂಟೆಗೆ. ಫೋನ್ ನಂಬರ್ ಹುಡುಗಿಗೆ ಬರೆಸಿ ಹೋಗ್ರಿ," ಅಂದಳು. ಮೌನಿಕಾ ನಂಬರು ಬರೆದುಕೊಂಡು, ಅಲ್ಲೇ ಒಂದು ಸಲ ಕರೆ ಮಾಡಿ, ಅವನ ಜೇಬಿನಲ್ಲಿ ಫೋನು ಬಡಿದುಕೊಂಡದ್ದನ್ನು ಕೇಳಿದ ಮೇಲೆ ಇಟ್ಟಳು.

ಗುರುವಾರ ಶರಣಬಸವ ಒಂಬತ್ತಕ್ಕೇ ಕಚೇರಿಯ ಮುಂದೆ ಇದ್ದ. ಹತ್ತಕ್ಕೆ ಪೆದ್ದಕ್ಕ, ಮೌನಿಕಾ ಬಂದರು. ಅವರ ಜೊತೆ ಪೆದ್ದಕ್ಕನ ತಮ್ಮನ ಮಗ ರಾಮಾಂಜಿಯೂ ಇದ್ದ. "ನೀವು ಬರದೇ ಹೋದ್ರೆ ಅಂತ ಕರ್ಕೊಂಡ್ ಬಂದೆ," ಅಂದಳು ಪೆದ್ದಕ್ಕ, ಮುಚ್ಚುಮರೆಯಿಲ್ಲದೆ.

ನಾಲ್ವರೂ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತರು. ಕರೆದಾಗ ಮೌನಿಕಾ ಒಳಗೆ ಹೋಗಿ ತೆಲುಗಿನಲ್ಲಿ ವಿವರವಾಗಿ ಹೇಳಿದಳು. ಗುಮಾಸ್ತರು ಎಲ್ಲವನ್ನೂ ಬರೆದುಕೊಂಡು, ಶರಣಬಸವನ ಇಸ್ತ್ರಿ ಮಾಡಿದ ಬಿಳಿ ಅಂಗಿ ನೋಡಿ, "ಮೀರು ಎವರು ಸಾರ್?" ಎಂದು ಕೇಳಿದರು.

ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ ಅವನು ಎದ್ದು ನಿಂತು ಕನಿಷ್ಠ ಐದು ನಿಮಿಷ ಹೇಳುತ್ತಿದ್ದ. "ಅಮ್ಮಾಯಿಕಿ ತೋಡು ವಚ್ಚಿನಾನು," ಅಂದ, ಹುಡುಗಿಯ ಜೊತೆಗೆ ಬಂದವನು ಎಂದು. ಪೆದ್ದಕ್ಕ ಅವನನ್ನು ಓರೆಗಣ್ಣಿನಿಂದ ನೋಡಿ ಮತ್ತೆ ಮುಂದಕ್ಕೆ ತಿರುಗಿದಳು.

ಹಳೆಯ ಕಟ್ಟುಗಳನ್ನು ತೆಗೆಸಬೇಕು, ಮಂಗಳವಾರ ಬನ್ನಿ ಎಂದರು. ಹೊರಗೆ ಬಂದ ಮೇಲೆ ಪೆದ್ದಕ್ಕ ಕೇಳಿದಳು: "ಮಂಗಳವಾರ ಬತ್ತೀರಾ?"

"ಬತ್ತೀನಿ."

ಅವಳು ರಾಮಾಂಜಿಯ ಕಡೆ ತಿರುಗಿ, "ನೀನೂ ಬಾ ಕಣ್ಲಾ" ಅಂದಳು.

ಮಂಗಳವಾರ ಶರಣಬಸವನೂ ಬಂದ, ರಾಮಾಂಜಿಯೂ ಬಂದ. ಮೂರನೆಯ ಕಟ್ಟಿನಲ್ಲಿ ರಿಜಿಸ್ಟರ್ ಸಿಕ್ಕಿತು. ಹನ್ನೊಂದು ಹೆಸರುಗಳ ಪೈಕಿ ಏಳನೆಯದು ಮೌನಿಕಾಳದು. ಎಲ್ಲವೂ ಮೇಷ್ಟ್ರ ಕೈಬರಹದಲ್ಲಿದ್ದವು. ಸಂಜೆ ನಾಲ್ಕಕ್ಕೆ ಸರ್ಟಿಫಿಕೇಟಿಗೆ ಸೀಲು ಬಿತ್ತು. ಮೌನಿಕಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಸಾಲಿನಿಂದ ಕೊನೆಯವರೆಗೆ ಎರಡು ಸಲ ಓದಿದಳು, ಆಮೇಲೆ ಶರಣಬಸವನ ಕೈಗೆ ಕೊಟ್ಟು, "ನೀವೂ ಒಂದ್ ಸಲ ನೋಡಿ ಅಜ್ಜಾ, ತಪ್ಪೇನಾದ್ರೂ ಐತಾ" ಅಂದಳು. ಅವನು ಕನ್ನಡಕ ಹಾಕಿಕೊಂಡು ಒಂದೊಂದೇ ಪದದ ಕೆಳಗೆ ಬೆರಳಿಟ್ಟು ಓದತೊಡಗಿದ. ಪಾವಗಡದ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.